ತಂತಿಗೂ ಅಯಸ್ಕಾಂತಕ್ಕೂ ನಡುವೆ

ಫ್ರೀಮಾಂಟ್, 4 ಜನವರಿ 2025, ಶನಿವಾರ

ಪುರಂದರದಾಸರ ಆರಾಧನೆಗೆ ಈ ಸಲ ಗಿಟಾರ್ ನುಡಿಸುತ್ತೇನೆ ಎಂದು ಗೋಷ್ಠಿಯವರಿಗೆ ಹೇಳಿದೆ. ಮೊಣಕಾಲಿನ ಆಪರೇಷನ್ ಆದಮೇಲೆ ಚಕ್ಕಳಮಕ್ಕಳ ಹಾಕಿ ವೀಣೆ ಹಿಡಿದು ಹೆಚ್ಚು ಹೊತ್ತು ಕೂರಲು ಆಗುತ್ತಿಲ್ಲ. ಮಗ ಡೇವಿಸ್‌ಗೆ ಓದಲು ಹೋಗುವಾಗ ಬಿಟ್ಟುಹೋದ ಗಿಟಾರನ್ನಾದರೆ ಕುರ್ಚಿಯ ಮೇಲೆ ಕೂತು ನುಡಿಸಬಹುದು. ಸ್ಟ್ರಾಟೋಕ್ಯಾಸ್ಟರ್ ಮಾದರಿಯದು, ಕಡಿಮೆ ಬೆಲೆಯದು, ಮೂರು ಪಿಕಪ್.

ಕರ್ನಾಟಕ ಸಂಗೀತಕ್ಕೆ ವಿದ್ಯುತ್ ತಂತಿವಾದ್ಯ ಹೊಸದೇನಲ್ಲ. ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿಗೆ ಒಂಟಿ ಒಂಟಿಯಾಗಿ ಐದು ತಂತಿ ಕಟ್ಟಿ ಇಡೀ ಕಚೇರಿ ನಡೆಸಿದವರು. ನಾನು ಅವರ ನಾದವನ್ನು ಅರಸುತ್ತಿಲ್ಲ. ನನ್ನ ಕಿವಿಯಲ್ಲಿ ಕೂತಿರುವುದು ಮೈಸೂರು ಬಾನಿಯ ವೀಣೆ. ಉಗುರಿನಲ್ಲಿ ಮೀಟಿದ, ಅಂಚು ದುಂಡಗಿರುವ ದನಿ. ಒಂದೇ ಮೀಟಿನ ಮೇಲೆ ಮೂರು ಸ್ವರ ಎಳೆದರೂ ಮೂರನೆಯದರಲ್ಲಿ ಇನ್ನೂ ಜೀವ ಉಳಿದಿರಬೇಕು.

ಮಾವನವರಿಗೆ ಹೇಳಿದೆ. ಅವರು ಶಿವರಾಂಪೇಟೆಯ ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಎದುರಿಗೇ ಕೂತು ಕೇಳಿದವರು. "ನುಡಿಸಮ್ಮ, ಕೇಳ್ತೀನಿ" ಎಂದರು. ಅಷ್ಟೇ.

5 ಜನವರಿ, ಭಾನುವಾರ

ಬೆಳಗಿನಿಂದ ತಂತಿಯ ಕೆಲಸ. ವೀಣೆಯ ಕ್ರಮದಲ್ಲೇ ಕಟ್ಟಿದೆ: ಸಾರಣಿ, ಪಂಚಮ, ಮಂದ್ರ, ಅನುಮಂದ್ರ, ಅದರ ಕೆಳಗೆ ಇನ್ನೊಂದು ಷಡ್ಜ. ಗಿಟಾರಿನವರ ಮಾತಿನಲ್ಲಿ ಡಿ, ಎ, ಡಿ, ಎ, ಡಿ. ಆರನೆಯ ತಂತಿ ಬೇಡ. ಹೀಗೆ ಕಟ್ಟಿದಾಗ ಮೂರನೆಯ ಜಾಗಕ್ಕೆ ಬರಿಯ ಉಕ್ಕಿನ ತಂತಿಯ ಬದಲು ಸುತ್ತು ಹಾಕಿದ ದಪ್ಪ ತಂತಿ ಬಂತು. ಕತ್ತಿನ ತುದಿಯ ಪಟ್ಟಿಯಲ್ಲಿರುವ ಗೀರು ಅದಕ್ಕೆ ಕಿರಿದಾಯಿತು, ತಂತಿ ಮೇಲೇ ಕೂತಿದೆ. ಅದನ್ನು ರಿಪೇರಿಯವರು ಅರದಿಂದ ಅಗಲ ಮಾಡಿಕೊಡಬೇಕು.

ಈ ಗಿಟಾರಿನ ಕುದುರೆ ಸ್ಪ್ರಿಂಗುಗಳ ಮೇಲೆ ತೇಲುತ್ತಿರುತ್ತದೆ. ಸಾರಣಿಯನ್ನು ಎಳೆದು ಗಾಂಧಾರ ಹಿಡಿದರೆ ಕುದುರೆ ಮುಂದಕ್ಕೆ ವಾಲಿ ಮಿಕ್ಕ ನಾಲ್ಕು ತಂತಿಗಳ ಶ್ರುತಿ ಇಳಿಯುತ್ತದೆ. ರಾಕ್ ಸಂಗೀತದವರಿಗೆ ಅದು ನಡೆಯುತ್ತದೆ; ಪಕ್ಕದ ತಂತಿಯಲ್ಲಿ ಷಡ್ಜ ನಿಂತಿರಬೇಕಾದ ನಮಗೆ ಒಂದು ಕ್ಷಣವೂ ಸಹಿಸಲಾಗದು. ಹಿಂದಿನ ಮುಚ್ಚಳ ತೆಗೆದು ಮರದ ತುಂಡೊಂದನ್ನು ಬಿಗಿಯಾಗಿ ಕೂರಿಸಿದೆ. ಈಗ ಕುದುರೆ ಅಲುಗದು.

ಆಮೇಲೆ ಆಂಪ್ ಹಾಕಿ ಕೇಳಿದೆ. ಕುದುರೆಯ ಪಕ್ಕದ ಪಿಕಪ್ ಸ್ಟೀಲ್ ತಟ್ಟೆಗೆ ಚಮಚ ತಗುಲಿದ ಹಾಗಿದೆ. ಕತ್ತಿನ ಕಡೆಯದು ವಾಸಿ. ಎಲೆಕ್ಟ್ರಿಕ್ ಗಿಟಾರಿನ ಮರ ಬಹಳ ಮಟ್ಟಿಗೆ ಮೂಕ; ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರ, ಅದರ ಎದುರು ಉಕ್ಕಿನ ತಂತಿ ನಡುಗಿದಾಗ ಹುಟ್ಟುವ ಸಣ್ಣ ವಿದ್ಯುತ್ತೇ ಇದರ ಕಂಠ. ಹಾಗಾಗಿ ತಂತಿಯ ಯಾವ ಜಾಗದ ನಡುಕವನ್ನು ಕದ್ದು ಕೇಳುತ್ತೇವೆ ಎಂಬುದರ ಮೇಲೆ ದನಿ ನಿಂತಿದೆ. 648 ಮಿ.ಮೀ. ಉದ್ದದ ತಂತಿಯಲ್ಲಿ ಕತ್ತಿನ ಪಿಕಪ್ ಕುದುರೆಯಿಂದ ಸುಮಾರು ಕಾಲು ಭಾಗದಲ್ಲಿ ಕೂತಿದೆ. ಅಲ್ಲಿ ತಂತಿ ಅಗಲವಾಗಿ ಓಲಾಡುತ್ತದೆ, ಮೂಲಸ್ವರ ತುಂಬಿರುತ್ತದೆ. ಕುದುರೆಯ ಹತ್ತಿರ ಓಲಾಟ ಕಡಿಮೆ, ಮೇಲಿನ ಉಪಸ್ವರಗಳ ಪಾಲು ಹೆಚ್ಚು. ನನಗೆ ಕತ್ತಿನದೇ ಸರಿ.

ಆದರೆ ಅದರಲ್ಲೂ ಎರಡು ತೊಡಕು. ಮೇಲಿನ ಫ್ರೆಟ್‌ಗಳಲ್ಲಿ ಒಂದು ಸ್ವರ ನುಡಿಸಿದರೆ ಒಳಗೆ ಇನ್ನೊಂದು ಸಣ್ಣಗೆ ಅಲೆಯುತ್ತದೆ, ಶ್ರುತಿ ನಿಲ್ಲುವುದಿಲ್ಲ. ಸಾರಣಿ ಎಳೆದಾಗ ದನಿ ನಡುವೆ ಕುಸಿದು ಮತ್ತೆ ಏಳುತ್ತದೆ. ಗಮಕದ ನಡುವೆ ಹೀಗಾದರೆ ಆ ಗಮಕ ತುಂಡಾದಂತೆ.

9 ಜನವರಿ, ಗುರುವಾರ

ರಾತ್ರಿ ಊಟದ ನಂತರ ಮಾವನವರು ಕೋಣೆಗೆ ಬಂದು ಕೂತರು. ನಾನಿನ್ನೂ ತಂತಿ ಮುಟ್ಟಿರಲಿಲ್ಲ. ಆಂಪ್ ಗುಂಯ್‌ಗುಡುತ್ತಿತ್ತು.

"ಇದ್ಯಾವ ಶ್ರುತಿಯಮ್ಮ?"

"ಶ್ರುತಿ ಅಲ್ಲ ಮಾವ, ಕರೆಂಟಿನ ಸದ್ದು."

"ಸದ್ದಾದರೂ ಒಂದು ಸ್ವರ ಇರಬೇಕಲ್ಲ?"

ಲೆಕ್ಕ ಹಾಕಿದೆ. ಇಲ್ಲಿಯ ಕರೆಂಟು ಸೆಕೆಂಡಿಗೆ 60 ಆವರ್ತ ಮುಗಿಸುತ್ತದೆ. ನನ್ನ ಷಡ್ಜ ಡಿ. ಆ ಲೆಕ್ಕದಲ್ಲಿ ಶುದ್ಧ ಧೈವತ 58.27 ಹರ್ಟ್ಜ್, ಚತುಃಶ್ರುತಿ ಧೈವತ 61.74. ಅರವತ್ತು ಎರಡಕ್ಕೂ ಹೆಚ್ಚುಕಡಿಮೆ ಸರಿಯಾಗಿ ನಡುವೆ ಬೀಳುತ್ತದೆ. ಯಾವ ರಾಗಕ್ಕೂ ಸಲ್ಲದ ಧೈವತ. ಮೈಸೂರಿನಲ್ಲಾದರೆ 50 ಹರ್ಟ್ಜ್, ಶುದ್ಧ ಮಧ್ಯಮಕ್ಕಿಂತ ಒಂದು ಎಳೆ ಮೇಲೆ. ಮಾವನವರಿಗೆ ಇದು ಬಹಳ ಹಿಡಿಸಿತು. "ಹಾಗಾದರೆ ನಮ್ಮೂರಲ್ಲಿ ಫ್ಯಾನು, ಟ್ಯೂಬ್‌ಲೈಟೆಲ್ಲ ಮಧ್ಯಮ ಹಾಡ್ತಿದ್ದವು ಅನ್ನು" ಎಂದು ಎರಡು ಸಲ ಹೇಳಿದರು.

ಒಂದೇ ಸುರುಳಿಯ ಪಿಕಪ್‌ಗಳ ಹುಟ್ಟುಗುಣ ಇದು. ಸುರುಳಿಗೆ ತಂತಿಯ ನಡುಕ ಬೇರೆ, ಗೋಡೆಯೊಳಗಿನ ಕರೆಂಟು ಬೇರೆ ಎಂಬ ಭೇದವಿಲ್ಲ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಗುಂಯ್ ಸದ್ದು ತಂತಾನೇ ಕಳೆಯುವಂತೆ ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದ. ಹಂಬಕರ್ ಎಂಬ ಹೆಸರು ಬಂದದ್ದು ಹಾಗೆ. ಆದರೆ ಅದು ತಂತಿಯನ್ನು ಎರಡು ಜಾಗದಲ್ಲಿ ಒಟ್ಟಿಗೆ ಕೇಳುತ್ತದೆ. ಮೀಟಿನ ಮೊದಲ ಚುರುಕು ಅಲ್ಲಿ ಮಾಸುತ್ತದೆ. ಉಗುರು ತಗುಲಿದ್ದು ಕೇಳಿಸದ ವೀಣೆ ನನಗೆ ಬೇಡ.

11 ಜನವರಿ, ಶನಿವಾರ

ನೈಲ್ಸ್ ಕಡೆ ಗಿಟಾರ್ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಹೋಗಿಬಂದೆ. ಗೀರುಗಳನ್ನು ಅಗಲ ಮಾಡಿಕೊಟ್ಟರು. ಎರಡು ತೊಡಕನ್ನೂ ಹೇಳಿದೆ. ಅವರು ಮಾತಾಡದೆ ತಿರುಪುಳಿ ಹಿಡಿದು ಕತ್ತಿನ ಪಿಕಪ್ಪನ್ನು ನಾಲ್ಕು ಸುತ್ತು ಕೆಳಗಿಳಿಸಿ ಅದೇ ಸ್ವರ ಮೀಟಿದರು. ಅಲೆದಾಟ ನಿಂತಿತ್ತು.

ಅಯಸ್ಕಾಂತ ತಂತಿಯನ್ನು ಕೇಳುವುದಷ್ಟೇ ಅಲ್ಲ, ಎಳೆಯುತ್ತದೆ ಕೂಡ. ತೀರ ಹತ್ತಿರವಿದ್ದರೆ ಮೇಲೆ ಕೆಳಗೆ ಆಡುವ ನಡುಕಕ್ಕೂ ಅಡ್ಡಡ್ಡ ಆಡುವ ನಡುಕಕ್ಕೂ ವೇಗ ಬೇರೆಯಾಗಿ ಒಂದೇ ತಂತಿ ಎರಡು ಶ್ರುತಿ ಹೇಳುತ್ತದೆ. ಈ ಕಾಯಿಲೆ ಸ್ಟ್ರಾಟ್‌ಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದಕ್ಕೆ ಸ್ಟ್ರಾಟೈಟಿಸ್ ಎಂದೇ ಹೆಸರಿಟ್ಟಿದ್ದಾರೆ.

ನನ್ನ ಗಿಟಾರಿನ ಪಿಕಪ್‌ಗಳ ತಳದಲ್ಲಿ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಇದೆ, ಅದರ ಮೇಲೆ ಉಕ್ಕಿನ ಆರು ಗೂಟ, ಎಲ್ಲ ಒಂದೇ ಎತ್ತರ. ಅವರು ಡ್ರಾಯರಿನಿಂದ ಹಳೆಯದೊಂದು ಕತ್ತಿನ ಪಿಕಪ್ ತೆಗೆದರು. ಇದರಲ್ಲಿ ಗೂಟಗಳೇ ಅಯಸ್ಕಾಂತ, ಆಲ್ನಿಕೋ 2. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಸೇರಿ ಆಲ್ನಿಕೋ (ಮೂರನೆಯ ನಮೂನೆಯಲ್ಲಿ ಕೋಬಾಲ್ಟೇ ಇಲ್ಲ, ಆದರೂ ಹೆಸರು ಅದೇ). ಸ್ಟ್ರಾಟ್‌ಗಳಲ್ಲಿ ಹೆಚ್ಚಾಗಿ ಬರುವುದು 5, ಅದು ಬಲವಾದದ್ದು. 2ರ ಸೆಳೆತ ಮೃದು, ಮೀಟಿನ ಮೊನೆಯೂ ಮೃದು.

ಬೇರೆ ದಾರಿಗಳನ್ನೂ ಹೇಳಿದರು. ಸಾಂಟಾ ರೋಸಾದ ಇಎಂಜಿಯವರದು ಬ್ಯಾಟರಿ ಹಾಕುವ ಪಿಕಪ್. ಅಯಸ್ಕಾಂತದ ಸೆಳೆತ ಕಡಿಮೆ, ತಂತಿಗೆ ಹತ್ತಿರವಿಟ್ಟರೂ ತೊಂದರೆಯಿಲ್ಲ, ಗುಂಯ್ ಸದ್ದೂ ಇಲ್ಲ. ಬೆಟ್ಟದಾಚೆಯ ಲಿವರ್‌ಮೋರ್‌ನಲ್ಲಿ ಬಿಲ್ ಬಾರ್ಟೊಲಿನಿ ಪಿಕಪ್ ಸುತ್ತುತ್ತಿದ್ದ ದಿನಗಳನ್ನು ನೆನೆದರು. ನಾವಿರುವ ಸುತ್ತಮುತ್ತಲೇ ಇಷ್ಟು ನಡೆದಿದೆ ಎಂದು ಇವತ್ತಿನವರೆಗೆ ನನಗೆ ತಿಳಿದಿರಲಿಲ್ಲ.

ನಾನು ಡ್ರಾಯರಿನದನ್ನೇ ಆರಿಸಿದೆ. ಅದರ ಗೂಟಗಳು ಒಂದೊಂದು ಎತ್ತರ, ಮೂರನೆಯದು ಎಲ್ಲಕ್ಕಿಂತ ಮೇಲೆ. 1954ರಲ್ಲಿ ಸ್ಟ್ರಾಟ್ ಬಂದಾಗ ಗಿಟಾರಿನ ಮೂರನೆಯ ತಂತಿ ಸುತ್ತು ಹಾಕಿದ್ದಾಗಿತ್ತು. ಅದರ ದನಿ ಸಣ್ಣದು, ಅದಕ್ಕೇ ಆ ಗೂಟವನ್ನು ಎತ್ತರಿಸಿದ್ದರು. ಮುಂದೆ ಎಲ್ಲರೂ ಎಳೆಯಲು ಸುಲಭವೆಂದು ಬರಿಯ ತಂತಿ ಹಾಕತೊಡಗಿದರು, ಆ ಗೂಟದ ಮೇಲೆ ಮೂರನೆಯ ತಂತಿ ಕಿರುಚತೊಡಗಿತು. ಇಂದಿನ ಗಿಟಾರಿಗರು ಅದನ್ನು ದೂರುತ್ತಾರೆ. ನನ್ನ ಮಂದ್ರ ತಂತಿ ಕೂರುವುದು ಅದೇ ಮೂರನೆಯ ಜಾಗದಲ್ಲಿ, ಸುತ್ತು ಹಾಕಿದ್ದೇ. ಆ ಕಾಲದ ಅಳತೆ ನನ್ನ ವೀಣೆಯ ಕಟ್ಟಿಗೆ ತಾನಾಗಿ ಒದಗಿತು. ಮನೆಗೆ ಬರುವ ದಾರಿಯುದ್ದಕ್ಕೂ ಇದೇ ಖುಷಿ.

ಇನ್ನೊಂದು ಬರೆದಿಡಬೇಕು. ಸ್ಟ್ರಾಟ್ ತಯಾರಿಸಿದ ಫುಲ್ಲರ್ಟನ್‌ನ ಫೆಂಡರ್ ಕಾರ್ಖಾನೆಯಲ್ಲಿ ಅಬಿಗೇಲ್ ಇಬಾರಾ ಎಂಬಾಕೆ 1956ರಿಂದ ಕೆಲಸ ಮಾಡಿದರಂತೆ. ಕೂದಲಿಗಿಂತ ತೆಳುವಾದ ತಾಮ್ರದ ಎಳೆಯನ್ನು ಬೆರಳಲ್ಲಿ ಹಿಡಿದು, ಒಂದೊಂದು ಪಿಕಪ್ಪಿಗೆ ಎಂಟು ಸಾವಿರದ ಆಸುಪಾಸು ಸುತ್ತು. ಆಕೆ ಸುತ್ತಿದ ಪಿಕಪ್‌ಗಳನ್ನು ಹುಡುಕಿಕೊಂಡು ಕೊಳ್ಳುವವರಿದ್ದಾರೆ. ನುಡಿಸಿದವರ ಹೆಸರು ಹತ್ತಾರು ಗೊತ್ತು ನನಗೆ. ಸುತ್ತಿದವರ ಹೆಸರು ಕೇಳಿದ್ದು ಇದೇ ಮೊದಲು.

14 ಜನವರಿ, ಮಂಗಳವಾರ, ಸಂಕ್ರಾಂತಿ

ಎಳ್ಳುಬೆಲ್ಲ ಹಂಚಿ ಬಂದ ಮೇಲೆ ವೀಣೆ ತೆಗೆದು ಒಂದಿಷ್ಟು ಕಾಪಿ ನುಡಿಸಿದೆ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ದೊಡ್ಡಬಳ್ಳಾಪುರದ ಕಡೆ ಸಿಂಪಾಡಿಪುರದಲ್ಲಿ ಮಾಡಿದ ಹಲಸಿನ ವೀಣೆ ಇದು. ಗುರಿ ಎದುರಿಗಿರಲಿ ಎಂದೇ ಆ ರೆಕಾರ್ಡು.

ಕೇಳುತ್ತ ಕೇಳುತ್ತ ಒಂದು ಸ್ಪಷ್ಟವಾಯಿತು. ವೀಣೆಯ ಕುದುರೆಯ ಮೇಲೆ ಅಗಲವಾದ ಲೋಹದ ಹಲಗೆ. ತಂತಿ ಅದರ ಮೇಲೆ ಸವರಿಕೊಂಡು ಹೊರಡುತ್ತದೆ, ಆ ಸವರಾಟದಲ್ಲೇ ಉಪಸ್ವರಗಳ ಗೊಂಚಲು ಹುಟ್ಟುವುದು. ಗಿಟಾರಿನ ಕುದುರೆಯಲ್ಲಿ ತಂತಿಗೆ ಒಂದು ಗೆರೆಯಷ್ಟೇ ಆಸರೆ. ಆ ಗೊಂಚಲನ್ನು ಯಾವ ಪಿಕಪ್ಪೂ ತಂದುಕೊಡದು, ಅದನ್ನು ಬಿಟ್ಟುಬಿಡಬೇಕು. ಸಿಗಬಹುದಾದದ್ದು ಎರಡು: ಮೀಟಿನ ದುಂಡುತನ, ಮತ್ತು ಮೀಟಿನ ನಂತರ ನಾದ ಇಳಿಯುವ ನಿಧಾನ. ಎರಡನೆಯದೇ ಮುಖ್ಯ. ಗಮಕಗಳೆಲ್ಲ ಬದುಕುವುದು ಆ ಇಳಿಜಾರಿನಲ್ಲಿ.

18 ಜನವರಿ, ಶನಿವಾರ

ಗ್ಯಾರೇಜಿನಲ್ಲಿ ಬೆಸುಗೆ. ಹಳೆಯ ಕತ್ತಿನ ಪಿಕಪ್ ಹೋಗಿ ಹೊಸದು ಕೂತಿತು. ಅಳೆದು ನೋಡಿದೆ, 6 ಕಿಲೋ ಓಮ್‌ಗೆ ಒಂಚೂರು ಕಡಿಮೆ, ಹಳೆಯ ಸ್ಟ್ರಾಟ್‌ಗಳ ಸುತ್ತಿಗೆ ಹತ್ತಿರ.

20 ಜನವರಿ, ಸೋಮವಾರ

ರಜೆ. ಇಡೀ ದಿನ ಎತ್ತರದ ಕೆಲಸಕ್ಕೇ ಕೊಟ್ಟೆ.

ಕ್ರಮ ಹೀಗೆ. ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ತಂತಿಯ ತಳದಿಂದ ಗೂಟದ ತಲೆಯವರೆಗೆ ಅಳೆಯಬೇಕು. ಉಕ್ಕಿನ ಅಳತೆಪಟ್ಟಿಯನ್ನು ಅಯಸ್ಕಾಂತ ಹಿಡಿದುಕೊಳ್ಳುವುದರಿಂದ ಪ್ಲಾಸ್ಟಿಕ್ಕಿನದು ಬೇಕು. ಫೆಂಡರ್‌ನವರು ಹಳೆಯ ಮಾದರಿಯ ಪಿಕಪ್‌ಗಳಿಗೆ ಹೇಳುವುದು ದಪ್ಪ ತಂತಿಯ ಬದಿಗೆ 2.4 ಮಿ.ಮೀ., ಸಣ್ಣ ತಂತಿಯ ಬದಿಗೆ 2 ಮಿ.ಮೀ. ಅಲ್ಲಿಂದಲೇ ಶುರು ಮಾಡಿದೆ. ಮೀಟು ಚುರುಕಾಗಿ, ದೊಡ್ಡದಾಗಿ ಬಂತು, ಕಾಪಿಯ ಗಾಂಧಾರವನ್ನು ತೂಗುವಷ್ಟರಲ್ಲಿ ಸೊರಗಿತು.

ಎರಡೂ ಬದಿಯ ತಿರುಪನ್ನು ಅರ್ಧರ್ಧ ಸುತ್ತು ಇಳಿಸುತ್ತ, ಪ್ರತಿ ಸಲವೂ ಆಂಪಿನ ದನಿಯನ್ನು ಮೊದಲಿನ ಮಟ್ಟಕ್ಕೆ ಏರಿಸುತ್ತ ಹೋದೆ. ಮಟ್ಟ ಸರಿಮಾಡದೆ ಹೋಲಿಸಿದರೆ ಕಿವಿ ಯಾವಾಗಲೂ ಜೋರಾದದ್ದನ್ನೇ ಚೆಂದ ಎನ್ನುತ್ತದೆ. 3 ಮಿ.ಮೀ. ದಾಟಿದಾಗ ಮೀಟಿನ ಮೊನೆ ಕರಗಿತು. ಇನ್ನೂ ಇಳಿಸಿದಾಗ, ಐದನೆಯ ದಿನಾಂಕದಂದು ಬರೆದಿದ್ದ ಎರಡನೆಯ ತೊಡಕೂ ಬಹಳ ಮಟ್ಟಿಗೆ ಹೋಯಿತು. ಹನ್ನೆರಡನೆಯ ಫ್ರೆಟ್‌ನಲ್ಲಿ ಸಾರಣಿಯನ್ನು 15 ಮಿ.ಮೀ. ಎಳೆದರೆ ಪಿಕಪ್ಪಿನ ಮೇಲೆ ಅದು ಸುಮಾರು ಅರ್ಧದಷ್ಟು ಸರಿಯುತ್ತದೆ, ಅಂದರೆ ತನ್ನ ಗೂಟ ಬಿಟ್ಟು ಪಂಚಮದ ಗೂಟದತ್ತ ಹೋಗುತ್ತದೆ. ಗೂಟಗಳಿಗೆ ಅಂಟಿಕೊಂಡಂತಿದ್ದಾಗ ನಡುವಿನ ಜಾಗ ಬರಿದು. ದೂರವಿದ್ದಾಗ ಎರಡು ಗೂಟಗಳ ಸೆಳೆತ ಒಂದರೊಳಗೊಂದು ಹರಡಿಕೊಂಡು ದಾರಿ ಸಮನಾಗುತ್ತದೆ. ಎಳೆದ ಸ್ವರ ಈಗ ತಡೆಯಿಲ್ಲದೆ ಏರುತ್ತಿದೆ.

ಎಲ್ಲಿ ನಿಲ್ಲಿಸುವುದು? 5 ಮಿ.ಮೀ. ಹತ್ತಿರ ಉಗುರಿನ ಸುಳಿವೇ ಹೋಗಿ ಮಂಕಾಯಿತು. ವೀಣೆಯ ರೆಕಾರ್ಡನ್ನು ಕೇಳಿ, ಇದನ್ನು ಕೇಳಿ, ಕೊನೆಗೆ ದಪ್ಪ ಬದಿಗೆ 4.2, ಸಣ್ಣ ಬದಿಗೆ 3.4ರಲ್ಲಿ ನಿಂತೆ. ಗಿಟಾರಿನ ಅಂಗಡಿಗಳಲ್ಲಿ ಜೋರಾದ ಪಿಕಪ್ಪನ್ನು ಹೊಗಳಿ ಮಾರುತ್ತಾರೆ. ಜೋರು ಮಾಡುವ ಕೆಲಸಕ್ಕೆ ಆಂಪ್ ಇದೆ. ತಂತಿಯಿಂದ ಕಸಿದುಕೊಂಡ ನಡುಕವನ್ನು ಯಾವ ಆಂಪೂ ಹಿಂದಕ್ಕೆ ಕೊಡಲಾರದು. ನಮ್ಮ ಸಂಗೀತಕ್ಕೆ ಈ ಮಾತು ಇನ್ನಷ್ಟು ಸಲ್ಲುತ್ತದೆ, ಏಕೆಂದರೆ ನಾವು ಮೀಟುವುದು ಒಮ್ಮೆ, ಹಾಡುವುದು ಆಮೇಲೆ.

ಮಿಕ್ಕ ಎರಡು ಪಿಕಪ್‌ಗಳನ್ನು ಪೂರ್ತಿ ತಳಕ್ಕೆ ಇಳಿಸಿದೆ. ನುಡಿಸದಿದ್ದರೂ ಅವುಗಳ ಅಯಸ್ಕಾಂತ ತಂತಿಯನ್ನು ಎಳೆಯುತ್ತಲೇ ಇರುತ್ತದೆ.

25 ಜನವರಿ, ಶನಿವಾರ

ಎತ್ತರ ಸರಿಯಾಯಿತು, ಗುಂಯ್ ಸದ್ದು ದೊಡ್ಡದಾಯಿತು. ತಂತಿಯಿಂದ ಬರುವ ವಿದ್ಯುತ್ತು ಕಡಿಮೆಯಾಗಿದೆ, ಗೋಡೆಯಿಂದ ಬರುವುದು ಇದ್ದಷ್ಟೇ ಇದೆ. ಆಂಪ್ ಏರಿಸಿದಾಗ ಎರಡೂ ಏರುತ್ತವೆ. ಗೋಷ್ಠಿಯ ಅಭ್ಯಾಸದಲ್ಲಿ ಎರಡು ದೇವರನಾಮಗಳ ನಡುವಿನ ಮೌನದಲ್ಲಿ ಆ ಸಲ್ಲದ ಧೈವತ ಎಲ್ಲರಿಗೂ ಕೇಳಿಸಿತು. ಮೃದಂಗದವರು ತಿರುಗಿ ನೋಡಿದರು.

ಈಚಿನ ಹಲವು ಸ್ಟ್ರಾಟ್‌ಗಳಲ್ಲಿ ಕತ್ತಿನದೂ ನಡುವಿನದೂ ಒಟ್ಟಿಗೆ ಹಾಕಿದರೆ ಸದ್ದು ಕಳೆಯುವ ಏರ್ಪಾಡಿರುತ್ತದೆ. ಹಾಕಿ ನೋಡಿದೆ. ಸದ್ದು ಹೋಯಿತು, ಜೊತೆಗೆ ನಾದದ ಹೊಟ್ಟೆಯೂ ಹೋಗಿ ಮೂಗಿನಲ್ಲಿ ಮಾತಾಡಿದಂತಾಯಿತು. ಅದು ಬೇಡ.

ಸಂಜೆ ಇವರು ಜೊತೆಗೆ ಕೂತರು. ಇವರದು ಹಾರ್ಡ್ ಡಿಸ್ಕಿನ ಉದ್ಯೋಗ. ಅಯಸ್ಕಾಂತ, ಸುರುಳಿ, ಗದ್ದಲ ಎಂದರೆ ಅನ್ನ ಇದ್ದಂತೆ. "ಸದ್ದನ್ನು ಕೇಳಲಿ, ತಂತಿಯನ್ನು ಕೇಳಬಾರದು, ಅಂಥ ಸುರುಳಿ ಒಂದು ಸಾಕು" ಎಂದರು. ನೈಲ್ಸ್‌ನ ಹಿರಿಯರಿಗೆ ಫೋನ್ ಮಾಡಿದೆ. ಅದು ಹಳೆಯ ಉಪಾಯವೇ, ಡಮ್ಮಿ ಕಾಯಿಲ್ ಎನ್ನುತ್ತಾರೆ ಎಂದರು. ನಡುವಿನ ಪಿಕಪ್ಪನ್ನು ಬಿಚ್ಚಿ, ತಳದ ಸೆರಾಮಿಕ್ ಪಟ್ಟಿಯನ್ನು ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಮೆಲ್ಲಗೆ ಎಬ್ಬಿಸಿದೆವು. ಅಯಸ್ಕಾಂತವಿಲ್ಲದ ಸುರುಳಿಗೆ ತಂತಿ ಕೇಳಿಸದು, ಗೋಡೆ ಕೇಳಿಸುತ್ತದೆ. ಅದನ್ನು ಕತ್ತಿನ ಪಿಕಪ್ಪಿನ ಹಿಂದೆ ಸಾಲಾಗಿ, ತಿರುಗುಮುರುಗಾಗಿ ಬೆಸೆದೆ.

ಆಂಪ್ ಹಾಕಿದೆವು. ಗುಂಯ್ ಸದ್ದು ಹತ್ತರಲ್ಲಿ ಒಂದರಷ್ಟೂ ಉಳಿದಿರಲಿಲ್ಲ. ಹೀಗೆ ಸುರುಳಿ ಸೇರಿಸಿದರೆ ದನಿ ಮಂದವಾಗುತ್ತದೆ ಎಂದು ಹಿರಿಯರು ಎಚ್ಚರಿಸಿದ್ದರು. ಹೌದು, ಸುರುಳಿಯೂ ಕೇಬಲ್ಲೂ ಸೇರಿ ಒಂದು ಕಡೆ ಉಬ್ಬಿಕೊಳ್ಳುತ್ತವೆ. ನನ್ನ ಆರು ಮೀಟರ್ ಕೇಬಲ್ಲಿನೊಂದಿಗೆ ಆ ಉಬ್ಬು 4,000 ಹರ್ಟ್ಜ್ ಹತ್ತಿರವಿದ್ದದ್ದು ಲೆಕ್ಕದ ಪ್ರಕಾರ 3,000ದ ಕೆಳಗೆ ಬಂದಿರಬೇಕು. ಗಾಜಿನ ಹೊಳಪು ಹೋಯಿತು. ನನಗೆ ಬೇಕಿದ್ದುದು ಅದೇ. ಟೋನ್ ನಾಬನ್ನು ಪೂರ್ತಿ ತೆರೆದಿಟ್ಟೇ ನುಡಿಸಬಹುದು ಈಗ. ನಾಬಿನಿಂದ ಮುಚ್ಚಿದ ಮಂದಕ್ಕೂ ಸುರುಳಿಯಿಂದ ಬಂದ ಮಂದಕ್ಕೂ ವ್ಯತ್ಯಾಸವಿದೆ: ಈ ಎರಡನೆಯದರಲ್ಲಿ ಉಗುರು ಕೇಳಿಸುತ್ತದೆ.

29 ಜನವರಿ, ಬುಧವಾರ, ಪುಷ್ಯ ಬಹುಳ ಅಮಾವಾಸ್ಯೆ

ದಾಸರ ಪುಣ್ಯದಿನ. ಸಾರ್ವಜನಿಕ ಆರಾಧನೆ ಶನಿವಾರ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ದೇವರ ಮುಂದೆ ಒಂದು ದೇವರನಾಮ ನುಡಿಸಿದೆ. ಮಾವನವರು ತಾಳ ಹಾಕುತ್ತ ಕೇಳಿದರು. ಮುಗಿದ ಮೇಲೆ, "ಎರಡನೆಯ ಸಲ ಚರಣಕ್ಕೆ ಬಂದಾಗ ಗಾಂಧಾರ ಇಳಿಸಿದೆಯಲ್ಲ, ಅದನ್ನೇ ಇನ್ನೊಂದು ಸಲ ನುಡಿಸು" ಎಂದರು. ನುಡಿಸಿದೆ. "ಅನುಮಂದ್ರ ಒಂಚೂರು ಮುಂದಕ್ಕೆ ಬರ್ತಿದೆ ನೋಡಮ್ಮ." ಅವರ ಮಾತು ಸರಿ. ದಪ್ಪ ಬದಿಯ ತಿರುಪು ಕಾಲು ಸುತ್ತು ಕೆಳಗೆ.

2 ಫೆಬ್ರವರಿ, ಭಾನುವಾರ

ನಿನ್ನೆ ಆರಾಧನೆ ಚೆನ್ನಾಗಿ ನಡೆಯಿತು. ಮೂವತ್ತು ಜನರ ಗೋಷ್ಠಿಯಲ್ಲಿ ವೀಣೆ ಮುಳುಗಿಹೋಗುತ್ತಿತ್ತು; ಇದು ಮುಳುಗಲಿಲ್ಲ, ಯಾರ ಮೇಲೂ ಏರಿ ಹೋಗಲೂ ಇಲ್ಲ. ಆಂಪನ್ನು ನೆಲದಿಂದೆತ್ತಿ ಕುರ್ಚಿಯ ಮೇಲಿಟ್ಟೆ, ಸಭಾಂಗಣದ ಮರದ ನೆಲ ಮಂದ್ರವನ್ನು ಉಬ್ಬಿಸುತ್ತಿತ್ತು.

ಹದಿನಾಲ್ಕರ ಹುಡುಗಿಯೊಬ್ಬಳು ಬಂದು, "ಆಂಟಿ, ಯಾವ ಪಿಕಪ್ ಹಾಕಿದ್ದೀರಿ?" ಎಂದಳು. ಅವಳಿಗೆ ವೀಣೆ ಪಾಠವೂ ನಡೆಯುತ್ತಿದೆ, ಗಿಟಾರೂ ಇದೆ. ಹೊಸ ಪಿಕಪ್ ಕೊಳ್ಳುವ ಮೊದಲು ಇರುವುದನ್ನೇ ಇಳಿಸಿ ನೋಡು ಎಂದೆ. ಮುಂದಿನ ಭಾನುವಾರ ಗಿಟಾರು, ಪ್ಲಾಸ್ಟಿಕ್ ಅಳತೆಪಟ್ಟಿ ಎರಡನ್ನೂ ತರುತ್ತಾಳೆ.

ಸಾರಣಿಗೆ ಈಗಿರುವ ಹತ್ತರ ತಂತಿ ಎಳೆತಕ್ಕೆ ಸಡಿಲವೆನಿಸುತ್ತಿದೆ, ಹನ್ನೊಂದರದು ತರಿಸಿದ್ದೇನೆ. ದಪ್ಪ ತಂತಿ ಹೆಚ್ಚು ವಿದ್ಯುತ್ತು ಹುಟ್ಟಿಸುತ್ತದೆ, ಕತ್ತಿನ ಮೇಲಿನ ಬಿಗಿಯೂ ಹೆಚ್ಚುತ್ತದೆ. ಹಾಕಿ ಒಂದು ದಿನ ಬಿಟ್ಟು, ಆಮೇಲೆ 3.4ನ್ನು ಹೊಸದಾಗಿ ಅಳೆಯಬೇಕು. ಸಣ್ಣ ಬದಿಯ ತಿರುಪನ್ನು ಇನ್ನರ್ಧ ಸುತ್ತು ಇಳಿಸಬೇಕಾಗಬಹುದು.